ಮಡೆನೂರು ಡ್ಯಾಂ, ಲಾಂಚ್, ಈಗ ಸೇತುವೆ: ಶರಾವತಿ ಹಿನ್ನೀರಿನ ಸೀಮೆಯ ಗುರುತುಗಳು ಬದಲಾದ ಬಗೆ

ಕರೂರು ಮೊಮ್ಮಗಳು

ಸಾಗರ ತಾಲ್ಲೂಕಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆ ಆದ ಮೇಲೆ ನಮ್ಮ ಸೀಮೆಗೆ ದಾರಿ ಹೇಳುವ ರೀತಿಯೇ ಬದಲಾಗಿದೆ. ಈಗಿನ ಹುಡುಗರು "ಸೇತುವೆ ಇಳಿದು ಮುಂದೆ ಬನ್ನಿ" ಅನ್ನುತ್ತಾರೆ. ಅವರ ಅಪ್ಪಂದಿರು "ಲಾಂಚ್ ಇಳಿದ ಮೇಲೆ" ಅನ್ನುತ್ತಿದ್ದರು, ಲಾಂಚ್ ಅಂದರೆ ಜನ, ವಾಹನ ಎರಡನ್ನೂ ಹಿನ್ನೀರು ದಾಟಿಸುತ್ತಿದ್ದ ಯಂತ್ರದ ದೋಣಿ. ಅಜ್ಜಂದಿರ ಕಾಲಕ್ಕೆ ಲಾಂಚೂ ಇರಲಿಲ್ಲ, ಇಷ್ಟು ನೀರೂ ಇರಲಿಲ್ಲ. ಹೊಳೆ ಇತ್ತು, ಮಳೆಗಾಲಕ್ಕೆ ದೋಣಿ ಇತ್ತು, ಬೇಸಿಗೆಯಲ್ಲಿ ಗಾಡಿ ಹಾಯುವ ಜಾಗ ಇತ್ತು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಲ್ಲುವ ಮುಂಚಿನ ಕಣಿವೆಯನ್ನು ಕಣ್ಣಾರೆ ಕಂಡು ನೆನಪಿಟ್ಟುಕೊಂಡವರೆಲ್ಲ ಈಗ ಎಪ್ಪತ್ತರ ಆಚೆಗಿದ್ದಾರೆ. ಲಿಂಗನಮಕ್ಕಿಯ ಪೂರ್ಣಮಟ್ಟ 1,819 ಅಡಿ, ನೀರು ಸುಮಾರು 151 ಟಿಎಂಸಿ, ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್, ಇದೆಲ್ಲ ಬೇಕಾದಲ್ಲಿ ಸಿಗುತ್ತದೆ. ನೀರಿನಡಿಗೆ ಹೋದ ಗಾಡಿದಾರಿ ಯಾವುದು, ಸಂತೆ ಎಲ್ಲಿ ಸೇರುತ್ತಿತ್ತು, ಗ್ರಾಮದೇವತೆ ಚೌಡಿಯ ಬನ ಯಾವ ಗುಡ್ಡದ ಬುಡದಲ್ಲಿತ್ತು ಎಂಬುದು ಮಾತ್ರ ಹಿರಿಯರ ತಲೆಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಮನೆಯಲ್ಲಿ ಕೇಳಿ ಇಲ್ಲಿ ಬರೆಯಿರಿ, ಒಂದು ಪಟ್ಟಿ ಮಾಡೋಣ. ಬರೀ ಊರಿನ ಹೆಸರು ಸಾಲದು. ಮರ, ಕಟ್ಟೆ, ಕೆರೆ, ಹಳ್ಳ ದಾಟುವ ಸಂಕ, ಶಾಲೆ, ಅಂಗಡಿ, ಏನು ನೆನಪಿದ್ದರೂ ಸರಿ.

ಬ್ಯಾಕೋಡು ಮೇಷ್ಟ್ರು

ತಂಗಿ, ಒಳ್ಳೇ ಕೆಲಸ ಹಿಡಿದಿದ್ದೀಯ. ನನಗೆ ನೆನಪಿದ್ದಷ್ಟು ಬರೆಯುತ್ತೇನೆ. ಆದರೆ ಮೊದಲು ಈಗಿನ ಮಕ್ಕಳಿಗೆ ಗೊತ್ತಿಲ್ಲದ ಒಂದು ವಿಷಯ ಹೇಳಬೇಕು. ನಮ್ಮ ಕಡೆ ಮುಳುಗಡೆ ಆದದ್ದು ಎರಡು ಸಲ.

ಮೊದಲನೆಯದು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು. ಜೋಗದ ಮೊದಲ ವಿದ್ಯುತ್ ಕೇಂದ್ರಕ್ಕೆ ವರ್ಷವಿಡೀ ನೀರು ಬೇಕಲ್ಲ, ಅದಕ್ಕಾಗಿ ಕಟ್ಟಿದ್ದು. ಆ ಕೇಂದ್ರ 1948ರಲ್ಲಿ ಶುರುವಾಯಿತು. ಮೊದಲು ಕೃಷ್ಣರಾಜೇಂದ್ರರ ಹೆಸರಿತ್ತು, ಬೇಗನೇ ಮಹಾತ್ಮ ಗಾಂಧಿ ಹೆಸರಾಯಿತು. ಆಗಲೇ ತಗ್ಗಿನ ಗದ್ದೆಗಳು ಹೋದವು. ಹದಿನಾರು ವರ್ಷ ಕಳೆದು ಅದೇ ಹೊಳೆಗೆ ಇನ್ನೂ ಕೆಳಗೆ, ಲಿಂಗನಮಕ್ಕಿಯಲ್ಲಿ, ದೊಡ್ಡ ಅಣೆಕಟ್ಟು ಎದ್ದಿತು. ಅದರ ಹಿನ್ನೀರು ಮೊದಲಿನ ಅಣೆಕಟ್ಟನ್ನೇ ಮುಳುಗಿಸಿತು. ಮೊದಲ ಸಲ ಎದ್ದು ಬಂದು ದಿಬ್ಬದ ಮೇಲೆ ಮನೆ ಕಟ್ಟಿಕೊಂಡಿದ್ದ ನಮ್ಮ ದೊಡ್ಡಪ್ಪನ ಮನೆಯವರು ಎರಡನೇ ಸಲವೂ ಏಳಬೇಕಾಯಿತು.

ನಾನಾಗ ಪ್ರೈಮರಿ ಶಾಲೆಯ ಹುಡುಗ. ನೀರು ಬರುವುದನ್ನು ಯಾರೂ ಪ್ರವಾಹದ ಹಾಗೆ ನೋಡಲಿಲ್ಲ. ದಿನಕ್ಕಿಷ್ಟು ದಿನಕ್ಕಿಷ್ಟು ಏರಿತು. ಅದಕ್ಕೂ ಮುಂಚೆಯೇ ಮನೆ ಬಿಚ್ಚುವ ಕೆಲಸ ನಡೆದಿತ್ತು. ಹೆಂಚು ಇಳಿಸಿದರು, ಪಕಾಸಿ, ಜಂತಿ, ತೊಲೆ ಒಂದೊಂದಾಗಿ ಬಿಚ್ಚಿದರು, ಬಾಗಿಲವಾಡ ಕಿತ್ತರು. ಲಾರಿಗೆ ಮರದ ಸಾಮಾನು, ಅದರ ಮೇಲೆ ಹಂಡೆ ಕೊಪ್ಪರಿಗೆ, ಅದರ ಮೇಲೆ ಮುದುಕರು. ದನಗಳನ್ನು ನಡೆಸಿಕೊಂಡೇ ಹೊಡೆದುಕೊಂಡು ಹೋದರು. ಗೋಡೆ ಮಣ್ಣಿನದು, ಅದು ಅಲ್ಲೇ ಉಳಿಯಿತು. ತೋಟದಲ್ಲಿ ಗೊನೆ ಹೊತ್ತ ಅಡಿಕೆ ಮರಗಳು ಹಾಗೇ ನಿಂತಿದ್ದವು. ನೀರು ಸುಳಿಯ ತನಕ ಬರುವವರೆಗೂ ಮರ ಹಸಿರಾಗಿಯೇ ಇತ್ತು, ಅದನ್ನು ನೋಡಿ ಅಮ್ಮ ಊಟ ಬಿಟ್ಟಿದ್ದು ನನಗೆ ಗೊತ್ತು.

ನಮ್ಮ ಶಾಲೆ ಹೊಳೆಯಿಂದ ಮೇಲಕ್ಕೆ ಗಾಡಿದಾರಿ ಎರಡಾಗುವಲ್ಲಿ ಇತ್ತು. ಎದುರಿಗೆ ಕಟ್ಟೆ ಕಟ್ಟಿದ ಅರಳಿಮರ. ಅಲ್ಲಿಂದ ಬಲಗಡೆ ದಾರಿ ಗದ್ದೆಬೈಲಿಗೆ, ಎಡಗಡೆ ದಾರಿ ಕಾನಿಗೆ, ಅಂದರೆ ದಟ್ಟ ಕಾಡಿಗೆ. ಕಾನಿನ ಅಂಚಿನಲ್ಲಿ ಚೌಡಿ, ನಾಗರಕಲ್ಲು. ದೇವರನ್ನು ಎಬ್ಬಿಸಿ ತರಲು ಪ್ರಶ್ನೆ ಇಟ್ಟು ದೇವರ ಅಪ್ಪಣೆ ಕೇಳಿದರು. ಕೆಲವು ಕಲ್ಲು ಬಂದವು, ಕೆಲವನ್ನು ಅಲ್ಲೇ ಬಿಟ್ಟು ಹಣ್ಣುಕಾಯಿ ಮಾಡಿ ಬಂದರು.

ವಾರಾಂತ್ಯದ ಸವಾರ

ನಾನು ಬೆಂಗಳೂರಿನವನು, ಸಿಗಂದೂರು ದೇವಸ್ಥಾನಕ್ಕೆ ಬಹಳ ವರ್ಷಗಳಿಂದ ಬರುತ್ತೇನೆ. ಮೇಷ್ಟ್ರ ಬರಹ ಓದಿ ಸುಮ್ಮನೆ ಕೂತೆ. ನನ್ನ ಪಾಲಿಗೆ ಆ ಜಾಗದ ಗುರುತೆಂದರೆ ಲಾಂಚೇ. ಬೈಕ್ ಹತ್ತಿಸಿ, ಕಂಬಿ ಹಿಡಿದು ನಿಂತು, ನೀರಿನ ನಡುವೆ ಎದ್ದುನಿಂತ ಬೋಳು ಮರದ ಬೊಡ್ಡೆಗಳನ್ನು ನೋಡುತ್ತಾ ದಾಟುತ್ತಿದ್ದೆ. ಅವು ಯಾರದೋ ತೋಟದ ಅಂಚಿನ ಮರ ಆಗಿರಬಹುದು ಅಂತ ಹೊಳೆದೇ ಇರಲಿಲ್ಲ. ಈಗ ಸೇತುವೆ ಮೇಲೆ ಎರಡು ಮೂರು ನಿಮಿಷ, ದಾಟಿ ಆಗಿಬಿಡುತ್ತದೆ. ಆ ನಿಧಾನ ಹೋಯಿತಲ್ಲ ಎಂಬ ಬೇಸರ ನನಗಿದೆ. ಲಾಂಚನ್ನು ಒಂದಾದರೂ ಉಳಿಸಿಕೊಳ್ಳಬಹುದಿತ್ತು.

ತುಮರಿ ಅಂಗಡಿ

ಅಣ್ಣಾ, ನೀವು ಪ್ರೀತಿಯಿಂದ ಬರೆದಿದ್ದೀರಿ, ಅದಕ್ಕೆ ಬೇಸರವಿಲ್ಲ. ಆದರೆ ಈ ಮಾತು ಎಲ್ಲಿ ಕೇಳಿದರೂ ನನಗೆ ಹೊಟ್ಟೆಯೊಳಗೆ ಉರಿಯುತ್ತದೆ, ಹೇಳಿಬಿಡುತ್ತೇನೆ.

ಸಂಜೆಯ ಕೊನೆಯ ಲಾಂಚ್ ಹೋಯಿತೆಂದರೆ ನಮಗೆ ಬಾಗಿಲು ಮುಚ್ಚಿದ ಹಾಗೆ. ರಾತ್ರಿ ಎದೆನೋವು ಬಂದರೆ, ಹೆರಿಗೆ ನೋವು ಶುರುವಾದರೆ, ಹಾವು ಕಚ್ಚಿದರೆ, ಒಂದೋ ಲಾಂಚಿನವರನ್ನು ಎಬ್ಬಿಸಬೇಕು, ಇಲ್ಲವೇ ನಿಟ್ಟೂರು, ನಗರ, ಹೊಸನಗರ ಅಂತ ಕಾಡು ಸುತ್ತಿ ಹೋಗಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು. ಗಾಳಿಮಳೆ ಜೋರಾದರೆ ಲಾಂಚೇ ನಿಲ್ಲುತ್ತಿತ್ತು. ರಜೆ ದಿನ ಪ್ರವಾಸಿಗರ ಕಾರು ಸಾಲುಗಟ್ಟಿ ನಿಂತರೆ ಸಾಗರದ ಆಸ್ಪತ್ರೆಗೆ ಹೊರಟವರೂ ಆ ಸಾಲಿನ ಹಿಂದೆಯೇ. ನನ್ನ ಚಿಕ್ಕಮ್ಮ ದಡದಲ್ಲಿ ಜೀಪಿನೊಳಗೆ ಮಲಗಿ ಬೆಳಗಿನ ಲಾಂಚಿಗೆ ಕಾದದ್ದು ನಾನು ನೋಡಿದ್ದೇನೆ. ಬದುಕಿದಳು, ದೇವರ ದಯೆ.

ಎರಡು ಕಿಲೋಮೀಟರಿಗೂ ಉದ್ದದ ಸೇತುವೆ, ನಾನೂರು ಕೋಟಿಗೂ ಮೇಲೆ ಖರ್ಚು. ನೀರು ನಿಂತದ್ದು 1964ರಲ್ಲಿ, ಸೇತುವೆ ಬಂದದ್ದು 2025ರಲ್ಲಿ. ನಮ್ಮ ಅಜ್ಜ ಸೇತುವೆ ಬೇಕೆಂದು ಅರ್ಜಿ ಕೊಟ್ಟವರು, ಅಪ್ಪ ಧರಣಿ ಕೂತವರು. ನಾನು ಮೊದಲ ದಿನ ಅದರ ಮೇಲೆ ನಡೆದೇ ದಾಟಿದೆ, ಅಮ್ಮನ ಕೈ ಹಿಡಿದುಕೊಂಡು. ಆ ನಿಧಾನದ ಬೆಲೆ ಕೊಟ್ಟವರು ನಾವು.

ಹೊಳೆಬಾಗಿಲು ಚಾ

ತುಮರಿ ಅಣ್ಣ ಹೇಳಿದ್ದರಲ್ಲಿ ಒಂದಕ್ಷರವೂ ಹೆಚ್ಚಿಲ್ಲ. ಆದರೂ ನಮ್ಮ ಕಡೆಯದನ್ನೂ ಬರೆದಿಡಿ. ಲಾಂಚಿಗೆ ಕಾಯುವ ಜನ ಇದ್ದರು ಅಂತ ನಮ್ಮ ಚಾ, ಮಂಡಕ್ಕಿ, ಅನಾನಸ್ ವ್ಯಾಪಾರ ಇತ್ತು. ದಡದ ಎರಡೂ ಕಡೆ ಜೀಪು, ವ್ಯಾನು ಇಟ್ಟುಕೊಂಡು ಸಿಗಂದೂರಿಗೆ ಜನ ಸಾಗಿಸುತ್ತಿದ್ದವರಿದ್ದರು. ಈಗ ಕಾರು ನಿಲ್ಲುವುದಿಲ್ಲ. ನಿಂತರೂ ಸೇತುವೆ ಮೇಲೆ ಫೋಟೊ ತೆಗೆದು ಹೊರಡುತ್ತಾರೆ. ನಾನು ಸೇತುವೆ ಬೇಡ ಅಂದವನಲ್ಲ. ನನ್ನ ಹೆಂಡತಿಯ ತವರು ಆಚೆ ದಡ, ನಮಗೂ ಅನುಕೂಲ ಆಗಿದೆ. ಆದರೆ ಹೊಳೆಬಾಗಿಲು ಎಂಬ ಊರು ಊರಾದದ್ದು ಜನ ಅಲ್ಲಿ ನಿಲ್ಲಬೇಕಾಗಿತ್ತು ಅನ್ನುವ ಕಾರಣಕ್ಕೆ. ಲಾಂಚನ್ನು ಪ್ರವಾಸಿಗರಿಗೆ ಓಡಿಸುವ ಮಾತು ಕೇಳಿಬರುತ್ತಿದೆ. ಹಾಗಾದರೆ ಅದರಲ್ಲಿ ಕೆಲಸ ಮಾಡಿದವರಿಗೇ ಕೊಡಲಿ, ದಡದ ಅಂಗಡಿಯವರಿಗೇ ಜಾಗ ಕೊಡಲಿ.

ಕರೂರು ಮೊಮ್ಮಗಳು

ಎರಡನ್ನೂ ಬರೆದಿಟ್ಟುಕೊಂಡೆ. ನೆನಪಿರಲಿ, ಹಿನ್ನೀರಿನ ಬೇರೆ ದಡಗಳಾದ ಹಸಿರುಮಕ್ಕಿಯವರೂ ಮುಪ್ಪಾನೆಯವರೂ ವರ್ಷಗಟ್ಟಲೆ ಇಂಥದೇ ಲಾಂಚಿನ ಬದುಕು ಬದುಕಿದವರು. ಅಲ್ಲಿಯವರು ಯಾರಾದರೂ ಇದ್ದರೆ ನಿಮ್ಮದನ್ನೂ ಹೇಳಿ.

ಸೀಮೆ ಬಿಟ್ಟು ಹೋದವರ ಕತೆ ಇನ್ನೂ ಬಂದಿಲ್ಲ. ಶಿವಮೊಗ್ಗ, ಭದ್ರಾವತಿ, ಶಿಕಾರಿಪುರ ಕಡೆ ಹೋದವರು?

ಮುಳುಗಡೆಯವರ ಮನೆ

ಇದ್ದೇನೆ ಅಕ್ಕಾ. ನಾವಿರುವುದು ಶಿವಮೊಗ್ಗದ ಹತ್ತಿರ. ನಮ್ಮ ತಂದೆಗೆ ಇಲ್ಲಿಗೆ ಬಂದಾಗ ಹದಿನೆಂಟು. ಈ ಊರಿನಲ್ಲಿ ನಮ್ಮ ಮನೆಯನ್ನು ಇವತ್ತಿಗೂ ಗುರುತಿಸುವುದು "ಮುಳುಗಡೆಯವರ ಮನೆ" ಅಂತಲೇ. ನಾನು ಹುಟ್ಟಿದ್ದು ಇಲ್ಲಿ, ಓದಿದ್ದು ಇಲ್ಲಿ, ನನ್ನ ಮಗನೂ ಮುಳುಗಡೆಯವನೇ. ಅವನು ಹಿನ್ನೀರನ್ನು ನೋಡಿದ್ದು ಪಿಕ್ನಿಕ್ಕಿಗೆ ಹೋದಾಗ.

ನಮ್ಮವರು ಗೇಣಿದಾರರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಾಗರ ಸೀಮೆಯಲ್ಲಿ 1951ರ ಕಾಗೋಡು ಸತ್ಯಾಗ್ರಹ ನಡೆದದ್ದೇ ಗೇಣಿದಾರರ ಹಕ್ಕಿಗಾಗಿ. ಎಚ್. ಗಣಪತಿಯಪ್ಪನವರು ಮುಂದೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆದರೆ ಉಳುವವನಿಗೇ ಭೂಮಿ ಎಂದು ಗಟ್ಟಿಯಾಗಿ ಆದದ್ದು 1974ರ ಭೂಸುಧಾರಣೆ ತಿದ್ದುಪಡಿಯಲ್ಲಿ. ನೀರು ಬಂದದ್ದು ಅದಕ್ಕಿಂತ ಹತ್ತು ವರ್ಷ ಮೊದಲು. ಅಂದರೆ ನಮ್ಮಜ್ಜ ಉಳುತ್ತಿದ್ದ ಗದ್ದೆ ಮುಳುಗುವಾಗ ಅದು ಅವರದ್ದಾಗಿರಲಿಲ್ಲ, ಪರಿಹಾರ ಹೋದದ್ದು ಖಾತೆ ಇದ್ದವರಿಗೆ. ಅದೇ ಗದ್ದೆ ಇನ್ನು ಹತ್ತು ವರ್ಷ ನೀರಿನ ಮೇಲಿದ್ದಿದ್ದರೆ ಅಜ್ಜನ ಹೆಸರಿಗೆ ಆಗುತ್ತಿತ್ತು. ಈ ಲೆಕ್ಕವನ್ನು ಅಪ್ಪ ಸಾಯುವ ತನಕ ಹಾಕುತ್ತಲೇ ಇದ್ದರು.

ಇಲ್ಲಿ ಕೊಟ್ಟದ್ದು ಕಾಡಿನ ಜಾಗ. ಮರ ಕಡಿದು, ಬೇರು ಕಿತ್ತು, ಮಲೇರಿಯಾ ಬಂದು ಹೋಗಿ, ಗದ್ದೆ ಮಾಡಿದರು. ಕಾಗದ ಮಾತ್ರ ಸರಿಯಾಗಲಿಲ್ಲ. ಬಹಳ ವರ್ಷಗಳ ನಂತರ ಅರಣ್ಯ ಪಟ್ಟಿಯಿಂದ ಬಿಡಿಸಿ ಅಧಿಸೂಚನೆ ಹೊರಡಿಸಿದರು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇಂದ್ರದ ಒಪ್ಪಿಗೆ ಬೇಕಿತ್ತು, ಅದಿರಲಿಲ್ಲ ಎಂದು 2021ರಲ್ಲಿ ಹೈಕೋರ್ಟಿನಲ್ಲಿ ಅದು ರದ್ದಾಯಿತು. ಅರವತ್ತು ವರ್ಷ ಉತ್ತು ಬಿತ್ತಿದ ಗದ್ದೆ ಕಾಗದದಲ್ಲಿ ಇನ್ನೂ ಕಾಡು.

ಜನ ಹೇಗೆ ಬದಲಾದರು ಅಂತಲೂ ಹೇಳುತ್ತೇನೆ. ಅಪ್ಪ ಅಡಿಕೆ ತೋಟದವರು, ಇಲ್ಲಿ ಕಬ್ಬು, ಮೆಕ್ಕೆಜೋಳ ಕಲಿತರು. ಮಾತು ಬದಲಾಯಿತು. ಸಾಗರದ ನೆಂಟರು ಬಂದರೆ ಅಪ್ಪನ ಮಾತು ತಾನಾಗಿಯೇ ಹಳೇ ಧಾಟಿಗೆ ತಿರುಗುತ್ತಿತ್ತು, ನಮಗೆ ಅರ್ಧ ತಿಳಿಯುತ್ತಿರಲಿಲ್ಲ. ಭೂಮಿ ಪೂಜೆಯ ಭೂಮಣ್ಣಿ ಹಬ್ಬಕ್ಕೆ ಬುಟ್ಟಿಗೆ ಚಿತ್ತಾರ ಬರೆಯುವುದು ಅತ್ತೆಗೆ ಬರುತ್ತಿತ್ತು, ಅಮ್ಮನಿಗೆ ಸ್ವಲ್ಪ, ನನ್ನ ಹೆಂಡತಿಗೆ ಬರುವುದಿಲ್ಲ. ಊರಿನಲ್ಲಿ ಒಟ್ಟಿಗಿದ್ದ ಮನೆಗಳನ್ನು ಒಟ್ಟಿಗೇ ತಂದು ಕೂರಿಸಲಿಲ್ಲ, ನಾಲ್ಕು ದಿಕ್ಕಿಗೆ ಹೋದವು. ನನಗೆ ಎಲ್ಲಕ್ಕಿಂತ ದೊಡ್ಡ ನಷ್ಟ ಅನ್ನಿಸುವುದು ಅದೇ. ಮನೆ ಮತ್ತೆ ಕಟ್ಟಬಹುದು, ನೆರೆಹೊರೆಯನ್ನು ಕಟ್ಟಲಾಗಲಿಲ್ಲ.

ಬ್ಯಾಕೋಡು ಮೇಷ್ಟ್ರು

ತಮ್ಮಾ, ನೀನು ಬರೆದ ಆ ಹತ್ತು ವರ್ಷದ ಲೆಕ್ಕ ಸತ್ಯ. ನಮ್ಮ ಮನೆ ಖಾತೆ ಇದ್ದ ಮನೆ. ಪರಿಹಾರ ನಮಗೆ ಬಂತು, ನಮ್ಮ ಗದ್ದೆ ಮಾಡುತ್ತಿದ್ದವರಿಗೆ ಬರಲಿಲ್ಲ. ಅವರು ಎತ್ತ ಹೋದರೆಂದು ನಮ್ಮಪ್ಪನಿಗೂ ಆಮೇಲೆ ಗೊತ್ತಾಗಲಿಲ್ಲ. ಒಂದೇ ದಿನ, ಒಂದೇ ನೀರು, ಆದರೆ ಎಲ್ಲರೂ ಒಂದೇ ರೀತಿ ಮುಳುಗಲಿಲ್ಲ. ಇದನ್ನು ಪಟ್ಟಿಯಲ್ಲಿ ಮರೆಯಬಾರದು ತಂಗಿ.

ಗೇಟಿಲ್ಲದ ಡ್ಯಾಂ

ನಾನು ವಿದ್ಯುತ್ ಯೋಜನೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮಡೆನೂರಿನ ಬಗ್ಗೆ ಎರಡು ಮಾತು. ಪ್ರತೀ ಬರಗಾಲದಲ್ಲಿ "ನೀರೊಳಗಿಂದ ಪುರಾತನ ಕೋಟೆ ಎದ್ದಿತು" ಎಂಬ ವಿಡಿಯೊ ಹರಿದಾಡುತ್ತದೆ. ಅದು ಕೋಟೆಯಲ್ಲ, 1948ರ ಹಿರೇಭಾಸ್ಕರ ಅಣೆಕಟ್ಟೇ. ಬೇಸಿಗೆ ಕೊನೆಗೆ ಲಿಂಗನಮಕ್ಕಿಯ ನೀರು ಬಹಳ ಇಳಿದ ವರ್ಷ ಇಡೀ ಕಟ್ಟು ಹೊರಗೆ ಕಾಣುತ್ತದೆ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನೀರಿನಲ್ಲಿದ್ದೂ ಗಟ್ಟಿಯಾಗಿ ನಿಂತಿದೆ.

ಅದರ ವಿಶೇಷ ಸೈಫನ್. ಮೈಸೂರಿನ ಇಂಜಿನಿಯರ್ ಗಣೇಶ ಅಯ್ಯರ್ ಅವರು ರೂಪಿಸಿದ ಬಗೆ. ಕುಣಿಗಲ್ ಕಡೆಯ ಮಾರ್ಕೋನಹಳ್ಳಿ ಜಲಾಶಯದಲ್ಲೂ ಇದನ್ನು ನೋಡಬಹುದು. ಎತ್ತರದ ದುಂಡು ಕೊಳವೆ, ಮೇಲೆ ಆಲಿಕೆಯಂಥ ಬಾಯಿ, ಅದರ ಮೇಲೊಂದು ಮುಚ್ಚಳದಂಥ ಗುಮ್ಮಟ. ನೀರು ಆಲಿಕೆಯ ಅಂಚು ದಾಟಿದ ಕೂಡಲೇ ಸುಳಿಸುತ್ತಿ ಕೊಳವೆಗೆ ಬೀಳುತ್ತದೆ, ಬೀಳುತ್ತಾ ಒಳಗಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಗಾಳಿ ಖಾಲಿಯಾದಾಗ ಸೈಫನ್ ಹಿಡಿದು ಪೂರ್ತಿ ಬಲದಲ್ಲಿ ನೀರು ಹೊರಗೆ ನುಗ್ಗುತ್ತದೆ. ಮಟ್ಟ ಇಳಿದರೆ ಗಾಳಿ ಒಳಸೇರಿ ತಾನಾಗಿಯೇ ನಿಲ್ಲುತ್ತದೆ. ಗೇಟು ಎತ್ತುವವರೂ ಬೇಡ, ಇಳಿಸುವವರೂ ಬೇಡ. ಇಂಥ ಒಂದು ಕೆಲಸವನ್ನು ನಮ್ಮ ಜನ ಕಟ್ಟಿದರು, ಹದಿನಾರೇ ವರ್ಷ ಬಳಸಿ ನೀರಿಗೆ ಬಿಟ್ಟರು ಎಂದು ನೆನೆದರೆ ನನಗೆ ಈಗಲೂ ಸಂಕಟ. ಅದು ಕಾಣುವ ವರ್ಷಗಳಲ್ಲಾದರೂ ಶಾಲೆ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬೇಕು. ಸುತ್ತ ಹೂಳು ಮೆತ್ತಗಿರುತ್ತದೆ, ಸ್ಥಳದವರಿಲ್ಲದೆ ಇಳಿಯಬೇಡಿ.

ಜೋಗದ ವಿಷಯವೂ ಇದಕ್ಕೆ ಸೇರಿದ್ದೇ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಕಡು ಬೇಸಿಗೆಯಲ್ಲಿ ಎಳೆಯಾಗಿ, ಮಳೆಗಾಲದಲ್ಲಿ ಮೈದುಂಬಿ ಬೀಳುತ್ತಿದ್ದ ಜಲಪಾತ. ಈಗ ಅದು ಮಳೆ ಮತ್ತು ಜಲಾಶಯದ ಮಟ್ಟ ನೋಡಿಕೊಂಡು ಬೀಳುತ್ತದೆ. ಹಳಬರು "ಮೈಸೂರು ಬಂಗಲೆ", "ಬಾಂಬೆ ಬಂಗಲೆ" ಎನ್ನುತ್ತಿದ್ದರಲ್ಲ, ಅಲ್ಲಿ ಹೊಳೆಯೇ ಎರಡು ರಾಜ್ಯಗಳ ಗಡಿಯಾಗಿತ್ತು. ಈ ದಡ ಮೈಸೂರು ಸಂಸ್ಥಾನ, ಆ ದಡ ಮುಂಬಯಿ ಪ್ರಾಂತ್ಯ. 1956ರಲ್ಲಿ ಎರಡೂ ದಡ ಒಂದಾದವು. ಎಂಟು ವರ್ಷಕ್ಕೆ ಹೊಳೆಯೇ ಬೇರೆಯಾಯಿತು.

ಹೊನ್ನಾವರ ಅಳಿವೆ

ಮೇಲಿನವರ ಕತೆ ಓದಿದೆ. ಕೆಳಗಿನವರದ್ದೂ ಕೇಳಿ. ನಾವು ಶರಾವತಿ ಕಡಲು ಸೇರುವಲ್ಲಿನವರು. ನಮಗೆ ಊರು ಮುಳುಗಲಿಲ್ಲ, ಆದರೆ ಹೊಳೆ ಬದಲಾಯಿತು. ಹಿಂದೆ ಬೇಸಿಗೆಯಲ್ಲಿ ಸಿಹಿನೀರು ಕಡಿಮೆಯಾಗಿ ಕಡಲ ಉಪ್ಪುನೀರು ಒಳಗೆ ದೂರದ ತನಕ ಏರುತ್ತಿತ್ತು. ಮಳೆಗಾಲದಲ್ಲಿ ತಿರುಗಾಮುರುಗಾ. ಆ ಏರಿಳಿತಕ್ಕೆ ಹೊಂದಿಕೊಂಡು ಮೀನು, ಸಿಗಡಿ, ಚಿಪ್ಪಿಕಲ್ಲು ಇದ್ದವು. ಈಗ ಟರ್ಬೈನ್ ತಿರುಗಿಸಿದ ನೀರು ವರ್ಷವಿಡೀ ಬರುತ್ತದೆ, ಅಳಿವೆಯಲ್ಲಿ ಉಪ್ಪು ಕಡಿಮೆ. ಅಣೆಕಟ್ಟಿಲ್ಲದ ಅಘನಾಶಿನಿಗೆ ಹೋಗಿ ನೋಡಿ, ಕುಮಟಾ ಕಡೆ ಹೆಂಗಸರು ಇವತ್ತಿಗೂ ಇಳಿತದ ಹೊತ್ತಿಗೆ ಹೊಳೆಗಿಳಿದು ಬುಟ್ಟಿ ತುಂಬ ಚಿಪ್ಪಿ ಆರಿಸುತ್ತಾರೆ. ನಮ್ಮಲ್ಲಿ ಆ ಕಸುಬು ನಮ್ಮ ಅಮ್ಮನ ಕಾಲಕ್ಕೇ ಕ್ಷೀಣವಾಯಿತು.

ಸೇತುವೆಯ ಮಾತಿಗೆ ಬಂದರೆ, ನಮ್ಮ ಕಡೆಯೂ ಇದೇ ಹೊಳೆಗೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಇದೆ, ಕೊಂಕಣ ರೈಲ್ವೆಯದು, ಆ ಮಾರ್ಗದಲ್ಲೇ ಅತಿ ಉದ್ದದ್ದು. ರೈಲು ಬಂದ ಮೇಲೆ ನಮ್ಮ ಹುಡುಗರ ದಿಕ್ಕೇ ತಿರುಗಿತು. ಘಟ್ಟ ಹತ್ತುತ್ತಿದ್ದವರು ಮುಂಬೈ, ಮಂಗಳೂರು ಅಂತ ಹೊರಟರು. ನಿಮ್ಮ ಸೇತುವೆಯೂ ಹಾಗೇ ಏನಾದರೂ ಮಾಡುತ್ತದೆ, ನೋಡುತ್ತಿರಿ. ಸಾಗರದವರಿಗೆ ಕೊಲ್ಲೂರು ಹತ್ತಿರವಾಯಿತು, ಕುಂದಾಪುರ ಹತ್ತಿರವಾಯಿತು. ತುಮರಿಯ ಹುಡುಗಿ ಇನ್ನು ಲಾಂಚಿಗೆ ಕಾಯದೆ ಸಾಗರದ ಕಾಲೇಜಿಗೆ ಹೋಗಬಹುದು.

ಹಳೇ ಬಾಗಲಕೋಟಿ

ನಾವೂ ಹಿನ್ನೀರಿನ ಮಂದೀನ ರೀ. ಆಲಮಟ್ಟಿ ನೀರು ನಮ್ಮ ಪ್ಯಾಟಿಯೊಳಗ ಬಂತು. ನವನಗರದಾಗ ಸೆಕ್ಟರ್ ನಂಬರ್ ಹಾಕಿ ಮನಿ ಕಟ್ಟಿದ್ರು. ಓಣಿ ಅಂದ್ರ ಹೆಸರಿತ್ತು, ಸೆಕ್ಟರ್ ಅಂದ್ರ ನಂಬರ್ ಅಷ್ಟ. ಶಿವಮೊಗ್ಗದ ಅಣ್ಣಾರು ನೆರೆಹೊರೆ ಬಗ್ಗೆ ಬರದದ್ದು ಓದಿ ನಮ್ಮವ್ವಗ ಓದಿ ಹೇಳಿದ್ನಿ. "ಖರೇ ಅದ" ಅಂದ್ಳು. ನಿಮ್ಮ ಪಟ್ಟಿ ಆದಮ್ಯಾಲ ನಾವೂ ನಮ್ಮ ಓಣಿಗಳದ್ದು ಮಾಡತೀವಿ ರೀ.

ಗೇರುಸೊಪ್ಪೆ ಬಸದಿ

ಇತಿಹಾಸ ಓದುತ್ತಿರುವವಳು ನಾನು. ಈ ಕಣಿವೆಯಲ್ಲಿ ಊರು ಮರೆಯಾದದ್ದು 1964ರಲ್ಲಿ ಮೊದಲಲ್ಲ. ಗೇರುಸೊಪ್ಪೆ ಎಂದರೆ ಈಗಿನವರಿಗೆ ಅಣೆಕಟ್ಟು, ಘಾಟಿ ರಸ್ತೆ, ಬಸ್ ನಿಲ್ಲುವ ಜಾಗ. ಹದಿನಾರನೇ ಶತಮಾನದಲ್ಲಿ ಅದು ಕಾಳುಮೆಣಸಿನ ದೊಡ್ಡ ಪೇಟೆ. ಚೆನ್ನಭೈರಾದೇವಿ ಬಹುಕಾಲ ಆಳಿದಳು, ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದು ಕರೆದರು. ಆಮೇಲೆ ಕೆಳದಿಯವರ ಕೈಗೆ ಸೀಮೆ ಹೋಯಿತು, ಪೇಟೆ ಕರಗಿತು. ಈಗ ನಗರಬಸ್ತಿಕೇರಿಯಲ್ಲಿ ಚತುರ್ಮುಖ ಬಸದಿ ಕಾಡಿನ ನಡುವೆ ನಿಂತಿದೆ. ನಾಲ್ಕು ದಿಕ್ಕಿಗೆ ಬಾಗಿಲಿರುವ ಬಸದಿ ಅದು. ಊರ ನಡುವೆ ಇದ್ದಾಗ ನಾಲ್ಕೂ ಕಡೆಯಿಂದ ಜನ ಬರುತ್ತಿದ್ದಿರಬೇಕು. ಅವಳ ಕಾನೂರು ಕೋಟೆಯೂ ಕಾಡಾಗಿದೆ.

ಆದರೆ ಇವೆರಡನ್ನೂ ಒಂದೇ ಎಂದು ನಾನು ಹೇಳುವುದಿಲ್ಲ. ಗೇರುಸೊಪ್ಪೆ ರಾಜಕೀಯ, ವ್ಯಾಪಾರ ತಿರುಗಿದ್ದಕ್ಕೆ ನಿಧಾನವಾಗಿ ಖಾಲಿಯಾಯಿತು. ಕಲ್ಲು ಉಳಿಯಿತು, ಶಾಸನ ಉಳಿಯಿತು. ನಿಮ್ಮ ಅಜ್ಜ ಅಜ್ಜಿಯರ ಊರನ್ನು ದಿನ ಗೊತ್ತುಮಾಡಿ ಎಬ್ಬಿಸಿದರು. ಅಲ್ಲಿದ್ದದ್ದು ಮಣ್ಣಿನ ಗೋಡೆ, ಹೆಂಚು, ಅಡಿಕೆ ಮರ, ಇಷ್ಟೇ. ಶಾಸನ ಬರೆಸುವಷ್ಟು ದೊಡ್ಡವರ್ಯಾರೂ ಇರಲಿಲ್ಲ. ಆದ್ದರಿಂದಲೇ ಈ ಪಟ್ಟಿ ಅವಸರದ ಕೆಲಸ ಅನ್ನಿಸುತ್ತದೆ ನನಗೆ.

ತುಮರಿ ಅಂಗಡಿ

ಅವಸರ ಇನ್ನೊಂದು ಕಾರಣಕ್ಕೂ ಇದೆ. ಸೇತುವೆ ಬಂದ ಮೇಲೆ ಜಾಗ ಕೇಳಿಕೊಂಡು ಬರುವ ಕಾರುಗಳು ಹೆಚ್ಚಾಗಿವೆ. ಹಿನ್ನೀರು ಕಾಣುವ ಗುಡ್ಡಕ್ಕೆ ಈಗ ಬೇರೆಯದೇ ರೇಟು. ನಾಳೆ ರೆಸಾರ್ಟಿನವರು ಅವರಿಗೆ ಚಂದ ಕಂಡ ಹೆಸರಿಡುತ್ತಾರೆ, ಗುಡ್ಡದ ಹೆಸರು ಹೋಗುತ್ತದೆ. ಯೋಜನೆಗಳೂ ನಿಂತಿಲ್ಲ. 2019ರಲ್ಲಿ ಲಿಂಗನಮಕ್ಕಿ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಜಿಲ್ಲೆಯೇ ಬಂದ್ ಆಗಿತ್ತು. ಈಗ ತಲಕಳಲೆ, ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ. ಅದೂ ಸಿಂಗಳೀಕದ ಅಭಯಾರಣ್ಯದೊಳಗೆ. ಕರೆಂಟು ಬೇಡವೆಂದು ನಾನು ಹೇಳುವುದಿಲ್ಲ. ನಾಡಿಗೆಲ್ಲ ಬೆಳಕು ಕೊಟ್ಟ ಕಣಿವೆ ಇದು, ಇದೇ ಕಣಿವೆಯ ಹಳ್ಳಿಗಳಲ್ಲಿ ನಾನು ಚಿಮಣಿ ಬುಡ್ಡಿ ಹಚ್ಚಿ ಓದಿದವನು. ಮೂರನೇ ಸಲ ಕೇಳುವಾಗಲಾದರೂ ಮೊದಲೆರಡು ಸಲದ ಲೆಕ್ಕ ಮುಗಿಸಿ ಕೇಳಲಿ.

ಗೇಟಿಲ್ಲದ ಡ್ಯಾಂ

ತುಮರಿಯವರೇ, ಪಂಪ್ಡ್ ಸ್ಟೋರೇಜಿನಲ್ಲಿ ಇರುವ ನೀರನ್ನೇ ಕೆಳಗಿನಿಂದ ಮೇಲಕ್ಕೆ ಎತ್ತಿ, ಬೇಕಾದ ಹೊತ್ತಿಗೆ ಮತ್ತೆ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುತ್ತಾರೆ. ಹೊಸದಾಗಿ ದೊಡ್ಡ ಮುಳುಗಡೆ ಇರುವುದಿಲ್ಲ. ಸೌರ, ಪವನ ವಿದ್ಯುತ್ ಹೆಚ್ಚಿದಂತೆ ಇಂಥದ್ದು ಬೇಕಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ಸುರಂಗ, ರಸ್ತೆ, ಕಡಿಯುವ ಮರ, ಸಡಿಲವಾಗುವ ಗುಡ್ಡ, ಇವು ನಿಜವಾದ ಪ್ರಶ್ನೆಗಳೇ. ಲೆಕ್ಕ ಮುಗಿಸಿ ಕೇಳಲಿ ಎಂಬ ನಿಮ್ಮ ಮಾತಿಗೆ ನನ್ನ ಒಪ್ಪಿಗೆ ಪೂರ್ತಿ ಇದೆ.

ಕರೂರು ಮೊಮ್ಮಗಳು

ಈ ಯೋಜನೆಯ ಚರ್ಚೆಗೆ ಬೇರೆ ಎಳೆ ಶುರು ಮಾಡೋಣ, ಇಲ್ಲಿ ಗುರುತುಗಳ ಕೆಲಸ ಮುಂದುವರಿಸೋಣ. ಹಳೇ ಸರ್ವೆ ನಕ್ಷೆ ಒಂದರ ಪ್ರತಿ ಸಿಕ್ಕಿದೆ, ಒಂದು ಮೈಲಿಗೆ ಒಂದು ಇಂಚಿನ ಅಳತೆಯದ್ದು, ಅಣೆಕಟ್ಟಿನ ಮುಂಚಿನದು. ಗಾಡಿದಾರಿ, ಕೆರೆ, ದೇವಸ್ಥಾನ, ಗದ್ದೆಬೈಲು ಎಲ್ಲ ಗುರುತು ಹಾಕಿದ್ದಾರೆ. ಈಗಿನ ಉಪಗ್ರಹ ಚಿತ್ರದ ಮೇಲೆ ಅದನ್ನು ಕೂರಿಸಿ ನೋಡಿದೆ. ನೀರಿನಿಂದ ಮೇಲೆ ಉಳಿದ ಗುಡ್ಡದ ತಲೆಗಳು ಹೊಂದಿದವು, ಅಂದರೆ ಕೆಳಗಿನದ್ದೂ ಸುಮಾರಾಗಿ ಸರಿಯಿರಬೇಕು. ನಕ್ಷೆಯಲ್ಲಿ ಚೌಡಿ ಬನ ಇಲ್ಲ, ಅರಳಿಕಟ್ಟೆ ಇಲ್ಲ, ಮನೆಗಳ ಹೆಸರಿಲ್ಲ. ಅದನ್ನು ಹಿರಿಯರೇ ತುಂಬಬೇಕು. ಹಿರಿಯರ ಹತ್ತಿರ ಕೇಳುವಾಗ "ನಿಮ್ಮೂರು ಹೇಗಿತ್ತು" ಅಂತ ಕೇಳಬೇಡಿ, "ಚೆನ್ನಾಗಿತ್ತು" ಅಂದು ಸುಮ್ಮನಾಗುತ್ತಾರೆ. "ಮನೆಯಿಂದ ಶಾಲೆಗೆ ಹೇಗೆ ಹೋಗುತ್ತಿದ್ದಿರಿ, ಎಲ್ಲಿ ನೀರು ಕುಡಿಯುತ್ತಿದ್ದಿರಿ, ಎಲ್ಲಿ ಹೆದರುತ್ತಿದ್ದಿರಿ" ಅಂತ ಕೇಳಿ. ನಡೆದ ದಾರಿ ಹಿಡಿದು ಕೇಳಿದರೆ ಎಲ್ಲ ಬರುತ್ತದೆ.

ಮುಳುಗಡೆಯವರ ಮನೆ

ಅಕ್ಕಾ, ನೀವು ಹೇಳಿದಂತೆಯೇ ಅತ್ತೆಯ ಹತ್ತಿರ ಕೇಳಿದೆ. ಅಪ್ಪನ ಅಕ್ಕ, ಈಗ ಸಾಗರದ ಮಗಳ ಮನೆಯಲ್ಲಿದ್ದಾರೆ. ಎರಡು ಗಂಟೆ ಮಾತಾಡಿದರು. ಸಾರಾಂಶ ಹಾಕುತ್ತಿದ್ದೇನೆ.

ಮನೆ ಗುಡ್ಡದ ಓರೆಯಲ್ಲಿ. ಇಳಿದರೆ ಅಬ್ಬಿಕೊಳ, ಬೇಸಿಗೆಯಲ್ಲೂ ನೀರು. ಅಲ್ಲಿಂದ ಅಡಿಕೆ ಮರದ ಸಂಕ ದಾಟಿ ಗದ್ದೆಯ ಅಂಚು ಹಿಡಿದು ಹೋದರೆ ಎರಡು ಕವಲಿನ ಹಲಸಿನ ಮರ. ಒಂದು ಕವಲಿನ ಹಣ್ಣು ಗಟ್ಟಿ ತೊಳೆಯ ಬಕ್ಕೆ, ಇನ್ನೊಂದರದ್ದು ಮೆತ್ತನೆಯ ಅಂಬಲಿ ಅಂತ ಅತ್ತೆ ಹೇಳುತ್ತಾರೆ, ನಾನು ಎರಡು ಸಲ ಕೇಳಿದೆ, ಹೌದು ಅಂದರು. ಮರದ ಬುಡದಲ್ಲಿ ಗಾಡಿಯವರು ಎತ್ತು ಬಿಚ್ಚುತ್ತಿದ್ದರು. ಅಲ್ಲಿಂದ ಕೂಗಳತೆಯಲ್ಲಿ ದೇವಸ್ಥಾನ, ದೀಪಾವಳಿಗೆ ದೀಪ ಹಿಡಿದು ಹಾಡುವ ಅಂಟಿಗೆ ಪಂಟಿಗೆಯವರು ಅಲ್ಲಿ ದೀಪ ಹಚ್ಚಿಕೊಂಡೇ ಮನೆಮನೆಗೆ ಹೊರಡುತ್ತಿದ್ದರು. ದೇವಸ್ಥಾನದ ಹಿಂದೆ ಕಾನು, ಅಲ್ಲಿ ಮಾತ್ರ ಹೆದರಿಕೆ.

ಹಳೇ ನಕ್ಷೆಯಲ್ಲಿ ಆ ಕಡೆ ದೇವಸ್ಥಾನದ ಗುರುತು ಎರಡು ಕಾಣುತ್ತಿವೆ, ಒಂದು ಹೊಳೆಯ ತಿರುವಿನ ಹತ್ತಿರ, ಇನ್ನೊಂದು ಸ್ವಲ್ಪ ಮೂಡಲಿಗೆ. ಮೇಷ್ಟ್ರೇ, ಅತ್ತೆ ಹೇಳುವುದು ಯಾವುದು ಇರಬಹುದು?

ಬ್ಯಾಕೋಡು ಮೇಷ್ಟ್ರು

ಮೂಡಲಿನದೇ ತಮ್ಮಾ. ಹೊಳೆ ತಿರುವಿನ ದೇವಸ್ಥಾನದ ಹಿಂದೆ ಕಾನು ಇರಲಿಲ್ಲ, ಗದ್ದೆ ಇತ್ತು, ನಮ್ಮ ಮನೆಯ ಗದ್ದೆಯೇ. ಮೂಡಲಿನದರ ಹಿಂದೆ ಮಾತ್ರ ದಟ್ಟ ಕಾನು, ನಾನು ಮೇಲೆ ಬರೆದ ಚೌಡಿ ಇದ್ದದ್ದು ಅದರ ಅಂಚಿಗೇ. ಎತ್ತು ಬಿಚ್ಚುತ್ತಿದ್ದ ಹಲಸಿನ ಮರ ನನಗೂ ಗೊತ್ತು, ಶಾಲೆಯಿಂದ ಬರುವಾಗ ಕಲ್ಲು ಹೊಡೆಯುತ್ತಿದ್ದೆವು. ಆದರೆ ಒಂದು ಸಂಶಯ. ಅತ್ತೆ ಹೇಳುವ ಸಂಕ ಮರದ್ದು, ನಾನು ನೋಡಿದ ಕಾಲಕ್ಕೆ ಅಲ್ಲಿ ಕಲ್ಲಿನ ಕಟ್ಟೆ ಹಾಕಿದ್ದರು. ಮೊದಲ ಮುಳುಗಡೆಯ ಮುಂಚಿನದೋ ನಂತರದ್ದೋ ಕೇಳು. ಮುಂಚಿನದಾದರೆ ಅವರಿಗೆ ಗೊತ್ತಿರುವ ಇನ್ನೂ ತಗ್ಗಿನ ದಾರಿ ನಮಗ್ಯಾರಿಗೂ ಗೊತ್ತಿಲ್ಲ. ಭಾನುವಾರ ಸಾಗರಕ್ಕೆ ಬರುತ್ತಿದ್ದೇನೆ, ಸೇತುವೆ ಇದೆ, ರಾತ್ರಿ ಆದರೂ ವಾಪಸ್ ಹೋಗಬಹುದು. ಅವರು ಒಪ್ಪಿದರೆ ನಕ್ಷೆ ಹಿಡಿದುಕೊಂಡು ಬಂದು ಎದುರಿಗೇ ಕೂತು ಕೇಳುತ್ತೇನೆ.